ಹರಳಿನ ಗಡಸುತನ ನೋಡಿ ಒಡವೆ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಅಕ್ಕಸಾಲಿಗಳ ಮನೆ. ಅಪ್ಪ ಕುಂದಣದ ಕೆಲಸ ಮಾಡುತ್ತಿದ್ದರು, ನಾನು ಹರಳು ಪರೀಕ್ಷೆ ಕಲಿತೆ. ಒಡವೆ ಮಾಡಿಸಲು ಬರುವವರು ಬಣ್ಣ ಕೇಳುತ್ತಾರೆ, ಬೆಲೆ ಕೇಳುತ್ತಾರೆ, ಯಾವ ರಾಶಿಗೆ ಯಾವ ಕಲ್ಲು ಅಂತ ಕೇಳುತ್ತಾರೆ. "ದಿನಾ ಹಾಕಿಕೊಂಡರೆ ಹತ್ತು ವರ್ಷದ ಮೇಲೆ ಇದು ಹೇಗಿರುತ್ತೆ?" ಅಂತ ಕೇಳುವವರು ಕಡಿಮೆ. ಮಂಕಾದ ಉಂಗುರ ಹಿಡಿದುಕೊಂಡು ಬಂದು ಬೇಜಾರು ಮಾಡಿಕೊಳ್ಳುವವರು ಮಾತ್ರ ಬಹಳ. ಅವರಲ್ಲಿ ಹೆಚ್ಚಿನವರಿಗೆ ಯಾರೂ ಮೋಸ ಮಾಡಿರುವುದಿಲ್ಲ. ಹರಳು ಒಳ್ಳೆಯದೇ, ಆದರೆ ಆ ಬೆರಳಿಗೆ, ಆ ಕೈ ಮಾಡುವ ಕೆಲಸಕ್ಕೆ ಹೊಂದುವುದಿಲ್ಲ. ಅಂಥವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಹರಳಿನ ಗಡಸುತನ ಅಂದರೆ ಏನು?

ಒಂದು ಹರಳಿನ ಮೇಲೆ ಇನ್ನೊಂದು ವಸ್ತು ಗೀರು ಹಾಕಬಲ್ಲದೋ ಇಲ್ಲವೋ ಅನ್ನುವುದೇ ಗಡಸುತನ. 1812ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಹ್ಸ್ ಹತ್ತು ಖನಿಜಗಳನ್ನು ಮೆತ್ತನೆಯದರಿಂದ ಗಡಸಿನವರೆಗೆ ಸಾಲಾಗಿ ಜೋಡಿಸಿದರು: 1 ಟಾಲ್ಕ್, 2 ಜಿಪ್ಸಮ್, 3 ಕ್ಯಾಲ್ಸೈಟ್, 4 ಫ್ಲೋರೈಟ್, 5 ಅಪಟೈಟ್, 6 ಫೆಲ್ಡ್‌ಸ್ಪಾರ್, 7 ಕ್ವಾರ್ಟ್ಜ್, 8 ಟೋಪಾಜ್, 9 ಕೊರಂಡಮ್, 10 ವಜ್ರ. ಮುಂದಿನ ಅಂಕಿಯದು ಹಿಂದಿನ ಎಲ್ಲದರ ಮೇಲೂ ಗೀರು ಹಾಕುತ್ತದೆ. ನಮ್ಮ ಉಗುರು ಸುಮಾರು 2.5, ಚಾಕುವಿನ ಅಲಗು, ಕಿಟಕಿಯ ಗಾಜು ಎರಡೂ 5.5ರ ಆಸುಪಾಸು.

ಬೇಲೂರು, ಹಳೇಬೀಡಿನ ಗುಡಿಗಳ ಬಳಪದ ಕಲ್ಲು ಉಳಿಗೆ ಅಷ್ಟು ಸುಲಭವಾಗಿ ಬಗ್ಗುವುದು ಅದರಲ್ಲಿ ಟಾಲ್ಕ್‌ನಂಥ ಮೆತ್ತನೆಯ ಖನಿಜ ಇರುವುದರಿಂದ. ಮದನಿಕೆಯ ಕೊರಳ ಸರದ ಒಂದೊಂದು ಮಣಿಯನ್ನೂ ಬೇರೆ ಬೇರೆಯಾಗಿ ಬಿಡಿಸಲು ಆ ಮೆತುತನವೇ ಕಾರಣ. ಅದೇ ಕಲ್ಲನ್ನು ಬೆರಳಿಗೆ ಹಾಕಿಕೊಂಡರೆ ಒಂದು ವಾರ ತಡೆಯದು.

9ಕ್ಕೂ 10ಕ್ಕೂ ಒಂದೇ ಅಂಕಿ ವ್ಯತ್ಯಾಸ ತಾನೇ?

ಅಂಕಿ ನೋಡಿದರೆ ಹಾಗನ್ನಿಸುತ್ತದೆ. ಆದರೆ ಮೋಹ್ಸ್ ಕೊಟ್ಟದ್ದು ಓಟದಲ್ಲಿ ಯಾರು ಮೊದಲು, ಯಾರು ಎರಡನೆಯವರು ಅನ್ನುವಂಥ ಲೆಕ್ಕ. ಯಾರು ಎಷ್ಟು ದೂರ ಮುಂದಿದ್ದರು ಅಂತ ಅದು ಹೇಳುವುದಿಲ್ಲ. ನೂಪ್ ಅನ್ನುವ ಇನ್ನೊಂದು ಅಳತೆಯಲ್ಲಿ ಕ್ವಾರ್ಟ್ಜ್ ಸುಮಾರು 800, ಕೊರಂಡಮ್ ಸುಮಾರು 2,000, ವಜ್ರ 7,000ದ ಆಸುಪಾಸು. ಅಂದರೆ ಕೊರಂಡಮ್ ಜಾತಿಯ ಮಾಣಿಕ್ಯ, ನೀಲಗಳಿಗಿಂತ ವಜ್ರ ಮೂರ್ನಾಲ್ಕು ಪಟ್ಟು ಗಡಸು. ವಜ್ರದ ಓಲೆಯನ್ನೂ ಕೆಂಪಿನ ಉಂಗುರವನ್ನೂ ಒಂದೇ ಡಬ್ಬಿಗೆ ಹಾಕಿಟ್ಟರೆ ಸೋಲುವುದು ಕೆಂಪೇ.

ಗಡಸು ಇದ್ದರೆ ಒಡೆಯುವುದಿಲ್ಲ ಅಂತ ಅರ್ಥವೇ?

ಅಲ್ಲ. ಕನ್ನಡದಲ್ಲಿ ನಾವು ಎರಡಕ್ಕೂ "ಗಟ್ಟಿ" ಅಂತಲೇ ಹೇಳುತ್ತೇವೆ, ಗೊಂದಲ ಅಲ್ಲಿಂದಲೇ ಶುರು. ಮನೆಯ ಹಿತ್ತಾಳೆ ಚೊಂಬನ್ನೂ ಗಾಜಿನ ಲೋಟವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚೊಂಬಿನ ಮೈಮೇಲೆಲ್ಲ ಗೀರು, ಒಂದೆರಡು ಕಡೆ ತಗ್ಗು. ಆದರೂ ಅಜ್ಜಿಯ ಕಾಲದಿಂದ ಇದೆ. ಗಾಜಿನ ಲೋಟದ ಮೇಲೆ ಗೀರು ಬೀಳುವುದು ಅಪರೂಪ, ಕೈ ಜಾರಿದರೆ ಮಾತ್ರ ಚೂರುಚೂರು. ಗಾಜು ಗಡಸು, ಹಿತ್ತಾಳೆ ಮೆತು. ಪೆಟ್ಟು ತಡೆಯುವ ಶಕ್ತಿಯಲ್ಲಿ ಲೆಕ್ಕ ತಿರುಗಾಮುರುಗಾ.

ಹರಳು ಕೊಳ್ಳುವಾಗ ಮೂರು ವಿಷಯ ಕೇಳಬೇಕು. ಗೀರು ತಡೆಯುತ್ತದೆಯೇ, ಪೆಟ್ಟು ತಡೆಯುತ್ತದೆಯೇ, ಬಿಸಿ, ಬೆವರು, ಹುಳಿ, ಸೋಪು ತಡೆಯುತ್ತದೆಯೇ. ಮೋಹ್ಸ್ ಅಂಕಿ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ. ಪೆಟ್ಟು ತಡೆಯುವ ಎರಡನೆಯ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸುವುದು ಜೇಡ್. ಗಡಸುತನ 6ರಿಂದ 7 ಅಷ್ಟೇ, ಆದರೆ ಒಳಗಿನ ಎಳೆಗಳು ಚಾಪೆ ಹೆಣೆದ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುವುದರಿಂದ ಒಡೆಯುವುದು ಬಹಳ ಕಷ್ಟ. ಚೀನಾದವರು ಅದರಲ್ಲಿ ಇಡೀ ಬಳೆಯನ್ನೇ ಕೊರೆದು ದಿನಾ ತೊಡುವುದು ಈ ಗುಣದಿಂದಲೇ.

ದಿನಾ ಹಾಕುವ ಉಂಗುರಕ್ಕೆ 7ಕ್ಕಿಂತ ಮೇಲೆ ಇರಬೇಕು ಅನ್ನುತ್ತಾರಲ್ಲ, ಯಾಕೆ?

ದೂಳಿನಿಂದ. ಮರಳು ಅಂದರೆ ಬಹುಪಾಲು ಕ್ವಾರ್ಟ್ಜ್. ರಸ್ತೆಯ ದೂಳಿನಲ್ಲೂ ಟೇಬಲ್ ಮೇಲೆ ಕೂರುವ ದೂಳಿನಲ್ಲೂ ಅದರ ಸಣ್ಣ ಕಣಗಳಿವೆ, ಅವುಗಳ ಗಡಸುತನ 7. ಉಂಗುರದ ಮೇಲೆ ದೂಳು ಕೂತಿದೆ ಅಂತ ಸೆರಗಿನ ತುದಿಯಲ್ಲಿ ಒಣಗಿದ್ದಾಗಲೇ ಉಜ್ಜಿದಿರಿ ಅನ್ನಿ. ಹರಳು 7ಕ್ಕಿಂತ ಕಡಿಮೆಯದಾದರೆ ಆ ಒಂದು ಒರೆಸುವಿಕೆಯಲ್ಲೇ ಕಣ್ಣಿಗೆ ಕಾಣದ ಹತ್ತಾರು ಗೀರು ಬೀಳುತ್ತವೆ. ಒಂದು ದಿನಕ್ಕೆ ಗೊತ್ತಾಗುವುದಿಲ್ಲ. ಮೂರು ವರ್ಷ ಕಳೆದ ಮೇಲೆ "ಯಾಕೋ ಕಳೆ ಹೋಯಿತು" ಅನ್ನುತ್ತೀರಿ.

ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ಅಪಾಯ ಇದೆ. ಒರಳುಕಲ್ಲು, ವೆಟ್ ಗ್ರೈಂಡರ್‌ನ ಗುಂಡು, ಒಲೆ ಇಡುವ ಕಟ್ಟೆ, ಇವೆಲ್ಲ ಗ್ರಾನೈಟ್. ಗ್ರಾನೈಟ್ ಅಂದರೆ ಕ್ವಾರ್ಟ್ಜ್ ಮತ್ತು ಫೆಲ್ಡ್‌ಸ್ಪಾರ್, 7 ಮತ್ತು 6. ಗ್ರೈಂಡರ್‌ಗೆ ಕೈ ಹಾಕಿ ದೋಸೆ ಹಿಟ್ಟು ತೆಗೆಯುವಾಗ ಉಂಗುರ ಕಲ್ಲಿಗೆ ತಾಗುತ್ತಲೇ ಇರುತ್ತದೆ. ಪೆರಿಡಾಟ್ ಅನ್ನುವ ಹಸಿರು ಹರಳಿನ ಉಂಗುರ ಹಾಕಿಕೊಂಡು ದಿನಾ ಹಿಟ್ಟು ತೆಗೆದವರ ಹರಳನ್ನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ಮುಖಗಳು ಸೇರುವ ಗೆರೆಗಳೆಲ್ಲ ಬಳಸಿದ ಸೋಪಿನ ಅಂಚಿನ ಹಾಗೆ ಸವೆದು ಹೋಗಿದ್ದವು.

ಹಾಗಾದರೆ ಯಾವ ಒಡವೆಗೆ ಯಾವ ಹರಳು?

ಮೊದಲು ನಿಮ್ಮ ಕೈ ಏನು ಕೆಲಸ ಮಾಡುತ್ತದೆ ನೋಡಿಕೊಳ್ಳಿ. ಪಾತ್ರೆ, ಬಟ್ಟೆ, ಹೊಲದ ಕೆಲಸ, ಬಸ್ಸಿನ ಕಂಬಿ, ಸ್ಕೂಟರ್ ಹ್ಯಾಂಡಲ್, ಇವೆಲ್ಲದರ ಏಟು ತಿನ್ನುವುದು ಉಂಗುರ. ಅದರಲ್ಲೂ ಬಲಗೈಯದು. ದಿನಾ ತೊಡುವ ಉಂಗುರಕ್ಕೆ ವಜ್ರ, ಮಾಣಿಕ್ಯ, ನೀಲ, ಹಳದಿ ಪುಷ್ಯರಾಗ, ವೈಡೂರ್ಯ, ಸ್ಪಿನೆಲ್ ಸರಿ. ಇವೆಲ್ಲ 8ರಿಂದ 10ರ ನಡುವೆ ಇವೆ. ಅಮೆಥಿಸ್ಟ್, ಸಿಟ್ರಿನ್, ಗಾರ್ನೆಟ್‌ಗಳು 7ರ ಗಡಿಯಲ್ಲಿರುವಂಥವು. ಹಾಕಬಹುದು, ಆದರೆ ಕೆಲಸಕ್ಕೆ ಮುಂಚೆ ತೆಗೆದಿಡುವ ಅಭ್ಯಾಸ ಇದ್ದವರಿಗೆ.

ಬಳೆ, ಕಡಗದ ಕಷ್ಟ ಉಂಗುರಕ್ಕಿಂತ ಸ್ವಲ್ಪ ಕಡಿಮೆ, ಆದರೆ ಬಳೆಗೆ ಬಳೆ ತಾಗುತ್ತದೆ. ಹರಳಿನ ಕಡಗದ ಪಕ್ಕ ಗಾಜಿನ ಬಳೆ ತೊಡುವವರಿಗೆ ಮುತ್ತು, ಹವಳದ ಕಡಗ ಬೇಡ.

ಓಲೆ, ಜುಮುಕಿ, ಪದಕಗಳಿಗೆ ಏಟು ಬೀಳುವುದು ತೀರ ಅಪರೂಪ. ಅಲ್ಲಿ ಮನಸ್ಸಿಗೆ ಬಂದ ಕಲ್ಲು ಹಾಕಿಸಬಹುದು. ಓಪಲ್ ಇಷ್ಟವೇ? ಓಲೆಗೆ ಹಾಕಿಸಿ. ಫಿರೋಜಾ ಇಷ್ಟವೇ? ಪದಕ ಮಾಡಿಸಿ. ಮೂಗುಬೊಟ್ಟಿನದು ಮಾತ್ರ ಬೇರೆ ಲೆಕ್ಕ. ಮುಖ ತೊಳೆಯುವಾಗ, ಟವೆಲ್‌ನಿಂದ ಒರೆಸುವಾಗ ದಿನಕ್ಕೆ ನಾಲ್ಕು ಸಲ ಉಜ್ಜಿಸಿಕೊಳ್ಳುತ್ತದೆ, ಸೋಪು, ಎಣ್ಣೆ ಹಿಂದೆ ಸೇರಿಕೊಳ್ಳುತ್ತದೆ. ಹರಳು ಚಿಕ್ಕದಾದ್ದರಿಂದ ಸಣ್ಣ ಗೀರು ಕೂಡ ಎದ್ದು ಕಾಣುತ್ತದೆ. ಮೂಗುಬೊಟ್ಟಿಗೆ ನಮ್ಮ ಹಿರಿಯರು ವಜ್ರವನ್ನೇ ಆರಿಸಿದ್ದು ಸರಿಯಾದ ಆಯ್ಕೆ ಅಂತ ನನ್ನ ಅಭಿಪ್ರಾಯ.

ನವರತ್ನದ ಉಂಗುರ ದಿನಾ ಹಾಕಬಹುದೇ?

ನನ್ನ ಹತ್ತಿರ ಅತಿ ಹೆಚ್ಚು ಬಂದ ಪ್ರಶ್ನೆ ಇದು.

ಒಂಬತ್ತು ಹರಳಿನ ಅಂಕಿಗಳನ್ನು ಒಮ್ಮೆ ನೋಡಿ. ವಜ್ರ 10. ಮಾಣಿಕ್ಯ, ನೀಲ, ಪುಷ್ಯರಾಗ 9. ವೈಡೂರ್ಯ 8.5. ಪಚ್ಚೆ 7.5ರಿಂದ 8. ಗೋಮೇಧಿಕ 7ರ ಆಸುಪಾಸು. ಹವಳ 3ರಿಂದ 4. ಮುತ್ತು 2.5ರಿಂದ 4.5. ಬೆರಳಿನ ಒಂದು ಅಂಗುಲ ಜಾಗದಲ್ಲಿ ಜಗತ್ತಿನ ಅತಿ ಗಡಸು ವಸ್ತುವನ್ನೂ, ತಾಮ್ರದ ನಾಣ್ಯದಿಂದ ಗೀರಬಹುದಾದ ವಸ್ತುವನ್ನೂ ಒಟ್ಟಿಗೆ ಕೂರಿಸಿದ್ದೇವೆ.

ಒಬ್ಬ ಅಜ್ಜಿ ಮದುವೆಯಲ್ಲಿ ಕೊಟ್ಟ ನವರತ್ನದ ಉಂಗುರ ತಂದಿದ್ದರು. ಜೀವನವಿಡೀ ಕೈಯಿಂದ ತೆಗೆದಿರಲಿಲ್ಲವಂತೆ. ನಡುವಿನ ಮಾಣಿಕ್ಯದ ಅಂಚುಗಳು ಒಂದಿಷ್ಟು ಮೊಂಡಾಗಿದ್ದವು, ಅಷ್ಟೇ. ವಜ್ರ ನಿನ್ನೆ ಕೂರಿಸಿದ ಹಾಗಿತ್ತು. ಪಚ್ಚೆಯ ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಹವಳ ಮೊದಲು ಗುಂಡಗೆ ಉಬ್ಬಿದ್ದದ್ದು ಈಗ ನೆಲದ ಹಾಗೆ ಚಪ್ಪಟೆ. ಮುತ್ತಿನ ಮೇಲ್ಪದರ ಪೂರ್ತಿ ಸವೆದು ಸುಣ್ಣದ ತುಂಡಿನ ಹಾಗೆ ಕಾಣುತ್ತಿತ್ತು, ಸುತ್ತಲಿನ ಚಿನ್ನದ ಅಂಚು ಅದಕ್ಕಿಂತ ಎತ್ತರ ನಿಂತಿತ್ತು. ಚಿನ್ನವೂ ಸವೆಯುತ್ತದೆ, ಆದರೂ ಮುತ್ತು ಅದಕ್ಕಿಂತ ಮೊದಲು ಸವೆದಿತ್ತು. ಆ ಉಂಗುರವನ್ನು ನಾನು ಮರೆತಿಲ್ಲ. ಗಡಸುತನದ ಪಾಠವನ್ನು ಅದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಡಲಿಲ್ಲ.

ನವರತ್ನ ಬೇಕೇ ಬೇಕು ಅನ್ನುವವರಿಗೆ ನಾನು ಪದಕ ಮಾಡಿಸಿಕೊಳ್ಳಿ ಅನ್ನುತ್ತೇನೆ. ಉಂಗುರವೇ ಆಗಬೇಕಾದರೆ ಮುತ್ತು, ಹವಳ ಎರಡನ್ನೂ ಉಳಿದವುಗಳಿಗಿಂತ ಕೊಂಚ ತಗ್ಗಿಸಿ, ಸುತ್ತ ಚಿನ್ನದ ಅಂಚು ಎದ್ದಿರುವಂತೆ ಕೂರಿಸಲು ಅಕ್ಕಸಾಲಿಗೆ ಹೇಳಿ. ಕೆಲವು ವರ್ಷಕ್ಕೊಮ್ಮೆ ಆ ಎರಡನ್ನು ಬದಲಾಯಿಸಬೇಕಾಗುತ್ತದೆ ಅಂತ ಮೊದಲೇ ತಿಳಿದಿರಲಿ. ಇವೆರಡರ ಬೆಲೆ ಉಳಿದವುಗಳ ಮುಂದೆ ಕಡಿಮೆಯೇ.

ವಜ್ರ ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲವೇ?

ಒಡೆಯುತ್ತದೆ. ದಯವಿಟ್ಟು ಪರೀಕ್ಷೆ ಮಾಡಬೇಡಿ. ವಜ್ರದೊಳಗೆ ನಾಲ್ಕು ದಿಕ್ಕುಗಳಲ್ಲಿ ಸೀಳುವ ಪದರಗಳಿವೆ. ಸೌದೆಯನ್ನು ಎಳೆ ನೋಡಿ ಸೀಳುವ ಹಾಗೆ ಆ ದಿಕ್ಕಿಗೆ ಸರಿಯಾಗಿ ಏಟು ಬಿದ್ದರೆ ಎರಡು ಹೋಳು. 3,106 ಕ್ಯಾರೆಟ್ಟಿನ ಕಲ್ಲಿನನ್ ವಜ್ರವನ್ನು 1908ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜೋಸೆಫ್ ಆಶರ್ ಬಿಡಿಸಿದ್ದು ಹೀಗೇ, ಉಕ್ಕಿನ ಅಲಗು ಇಟ್ಟು ಹೊಡೆದು. ಉಕ್ಕು ವಜ್ರಕ್ಕೆ ಗೀರು ಹಾಕಲಾರದು, ಆದರೆ ಸೀಳಬಲ್ಲದು.

ಇನ್ನೊಂದು ಸೊಗಸಿನ ಸಂಗತಿ. ವಜ್ರದ ಗಡಸುತನ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಒಂದು ದಿಕ್ಕಿನಲ್ಲಿ ಸ್ವಲ್ಪ ಹೆಚ್ಚು, ಇನ್ನೊಂದರಲ್ಲಿ ಸ್ವಲ್ಪ ಕಡಿಮೆ. ವಜ್ರದ ಪುಡಿಯಲ್ಲಿ ಗಡಸು ದಿಕ್ಕಿಗೆ ತಿರುಗಿದ ಕಣಗಳೂ ಇರುತ್ತವೆ. ಅವು ವಜ್ರವನ್ನೇ ಸವೆಸುತ್ತವೆ. ಸೂರತ್‌ನಲ್ಲಿ ಲಕ್ಷಾಂತರ ಜನರ ಅನ್ನ ಈ ಒಂದು ಗುಣದ ಮೇಲೆ ನಿಂತಿದೆ.

ನಮ್ಮ ಕಡೆಯ ಏಳು ಹರಳಿನ ಬೆಂಡೋಲೆಗಳಲ್ಲಿ ಹಳೆಯ ಕಾಲದ ವಜ್ರಗಳಿರುತ್ತವೆ. ಕೆಲವನ್ನು ಈಗಲೂ ಚಿನಿವಾರರು "ಬ್ಲೂ ಜಾಗರ್" ಅನ್ನುತ್ತಾರೆ, ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು. ಅಂಥ ಓಲೆಯನ್ನು ಮುರಿಸಿ ಹೊಸದು ಮಾಡಿಸುವಾಗ ಹರಳಿನ ಸುತ್ತಲಿನ ತೆಳು ಅಂಚನ್ನು ಭೂತಗನ್ನಡಿಯಲ್ಲಿ ನೋಡಿಸಿ. ಚಕ್ಕೆ ಏಳುವುದು ಅಲ್ಲೇ.

ಪಚ್ಚೆ 7.5ಕ್ಕಿಂತ ಗಡಸು ಅಂದಿರಿ. ಮತ್ತೆ ಅಷ್ಟು ಬೇಗ ಬಿರುಕು ಬಿಡುವುದೇಕೆ?

ಪಚ್ಚೆಯೊಳಗೆ ಹುಟ್ಟಿನಿಂದಲೇ ಸಣ್ಣ ಬಿರುಕುಗಳಿರುತ್ತವೆ. ಬಿರುಕೇ ಇಲ್ಲದ ದೊಡ್ಡ ಪಚ್ಚೆ ಅಗ್ಗಕ್ಕೆ ಸಿಕ್ಕಿತು ಅಂದರೆ ಮೊದಲು ಅನುಮಾನಪಡಿ. ಈ ಬಿರುಕು ಕಾಣದಿರಲಿ ಅಂತ ಬಣ್ಣವಿಲ್ಲದ ಎಣ್ಣೆ ಅಥವಾ ರಾಳ ತುಂಬಿಸುತ್ತಾರೆ. ಬಣ್ಣವಿಲ್ಲದ ಎಣ್ಣೆ ತುಂಬುವುದು ಎಷ್ಟೋ ಕಾಲದಿಂದ ನಡೆದುಬಂದ, ವ್ಯಾಪಾರದಲ್ಲಿ ಒಪ್ಪಿತವಾದ ಪದ್ಧತಿ, ಹೇಳಿ ಮಾರಿದರೆ ತಪ್ಪಲ್ಲ.

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನು ಒಂದು ಪಚ್ಚೆ ಉಂಗುರವನ್ನು ಕಂಪನದಿಂದ ತೊಳೆಯುವ ಮಷೀನಿಗೆ ಹಾಕಿದೆ. ಹೊರಗೆ ತೆಗೆದಾಗ ಹರಳಿನ ಒಳಗೆ ಬಿಳಿ ಬಲೆ ಹರಡಿದ ಹಾಗೆ ಕಾಣುತ್ತಿತ್ತು. ಎಣ್ಣೆ ಹೊರಬಂದು ಬಿರುಕುಗಳೆಲ್ಲ ಬಯಲಾಗಿದ್ದವು. ಅಪ್ಪ ಬೈಯಲಿಲ್ಲ. ಗಿರಾಕಿಯ ಮನೆಗೆ ನನ್ನನ್ನೇ ಕಳಿಸಿ ಇದ್ದದ್ದು ಇದ್ದ ಹಾಗೆ ಹೇಳಿಸಿದರು, ಆಮೇಲೆ ಮತ್ತೆ ಎಣ್ಣೆ ತುಂಬಿಸಿ ಕೊಟ್ಟೆವು. ಪಚ್ಚೆಗೆ ಬಿಸಿನೀರು, ಆ ಮಷೀನು, ಉಂಗುರ ಸಣ್ಣದು ದೊಡ್ಡದು ಮಾಡುವಾಗಿನ ಬೆಂಕಿ ಯಾವುದೂ ಬೇಡ.

ಪುಷ್ಯರಾಗ ಕೇಳಿದರೆ ಟೋಪಾಜ್ ಕೊಟ್ಟರು. ಎರಡೂ ಒಂದೇನಾ?

ಬೇರೆ ಬೇರೆ. ನವಗ್ರಹದ ಲೆಕ್ಕದಲ್ಲಿ ಗುರುವಿಗೆ ಹೇಳುವ ಪುಷ್ಯರಾಗ ಅಂದರೆ ಈಗಿನ ವ್ಯಾಪಾರದಲ್ಲಿ ಹಳದಿ ಬಣ್ಣದ ನೀಲ (ಯೆಲ್ಲೋ ಸಫೈರ್), ಅಂದರೆ ಕೊರಂಡಮ್, 9. ಟೋಪಾಜ್ 8. ಸಿಟ್ರಿನ್ 7. ಮೂರೂ ಹಳದಿ, ಮೂರನ್ನೂ "ಪುಷ್ಯರಾಗ" ಅಂತ ಮಾರುವವರಿದ್ದಾರೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಟೋಪಾಜ್‌ಗೆ 8ರ ಗಡಸುತನ ಇದ್ದರೂ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ. ಸಿಮೆಂಟ್ ನೆಲಕ್ಕೆ ಬಿದ್ದರೆ ಇಬ್ಭಾಗ ಆಗಬಹುದು. ಬಿಲ್ಲಿನಲ್ಲಿ ಕನ್ನಡದ ಹೆಸರಿನ ಜೊತೆ ಖನಿಜದ ಹೆಸರನ್ನೂ ಬರೆಸಿಕೊಳ್ಳಿ. ಗೋಮೇಧಿಕದ ಹೆಸರಿನಲ್ಲಿ ಜಿರ್ಕಾನ್ ಬರುವುದೂ ಉಂಟು, ಅದರ ಅಂಚು ಬೇಗ ಚಕ್ಕೆ ಏಳುತ್ತದೆ.

ಕೆಂಪಿನ ಕಲ್ಲು ಅಂದರೆ ಎಲ್ಲವೂ ಮಾಣಿಕ್ಯವೇ?

ಮಾಣಿಕ್ಯ, ನೀಲ, ಪುಷ್ಯರಾಗ ಮೂರೂ ಒಂದೇ ಖನಿಜದ ಮಕ್ಕಳು. ಕೊರಂಡಮ್ ಅನ್ನುವ ಹೆಸರೇ ನಮ್ಮ ಕಡೆಯದು, ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದದಿಂದ ಹೋದದ್ದು. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಮಾಡಿದ ಚಕ್ರದ ಮೇಲೆ ಉಳಿದ ಹರಳುಗಳನ್ನು ಸಾಣೆ ಹಿಡಿಯುತ್ತಿದ್ದರು. ಮೈಸೂರು, ಚನ್ನಪಟ್ಟಣದ ಸುತ್ತಮುತ್ತ ಸಿಗುವ ಮಾಣಿಕ್ಯ ಬಹುಪಾಲು ಪಾರದರ್ಶಕವಲ್ಲ, ಗುಂಡಗೆ ಉಜ್ಜಿದರೆ ಕೆಲವುಗಳಲ್ಲಿ ಆರು ಕಿರಣದ ನಕ್ಷತ್ರ ಮೂಡುತ್ತದೆ. ಬೆಲೆ ಬರ್ಮಾದ ಮಾಣಿಕ್ಯದಷ್ಟಿಲ್ಲ, ಗಡಸುತನ ಮಾತ್ರ ಅದೇ 9. ದಿನಾ ಹಾಕುವ ಗಂಡಸರ ಉಂಗುರಕ್ಕೆ ನನಗೆ ಬಹಳ ಇಷ್ಟವಾದ ಕಲ್ಲು ಇದು. ಕೊಡಗಿನ ಕೊಕ್ಕೆತಾತಿ ಪದಕದಲ್ಲಿ ಗುಂಡಗಿನ ಕೆಂಪುಗಳನ್ನು ನೋಡಿರುತ್ತೀರಿ. ಮುಖಗಳಿಲ್ಲದ ಗುಂಡು ಹರಳಿನಲ್ಲಿ ಸವೆಯಲು ಚೂಪು ಅಂಚೇ ಇಲ್ಲ, ಹಾಗಾಗಿ ಹಳೆಯ ಕೆಂಪಿನ ಒಡವೆಗಳು ಇಂದಿಗೂ ಚೆನ್ನಾಗಿವೆ.

ಅಂಗಡಿಯಲ್ಲಿ "ಕೆಂಪು" ಅಂತ ಸಿಗುವುದರಲ್ಲಿ ನಾಲ್ಕು ಬಗೆ. ಗಣಿಯ ಮಾಣಿಕ್ಯ ಒಂದು. ಕುಲುಮೆಯಲ್ಲಿ ಬೆಳೆಸಿದ ಮಾಣಿಕ್ಯ ಇನ್ನೊಂದು, ಫ್ರಾನ್ಸಿನ ವೆರ್ನೇಯ್ 1902ರಲ್ಲಿ ಪ್ರಕಟಿಸಿದ ವಿಧಾನದ್ದು. ಅದೂ 9, ಅಜ್ಜಿಯರ ಅಡ್ಡಿಕೆಯಲ್ಲೂ ಇದು ಇರುವುದುಂಟು, ಬಾಳಿಕೆಯಲ್ಲಿ ಕೊರತೆಯಿಲ್ಲ. ಮೂರನೆಯದು ಬರೀ ಬಣ್ಣದ ಗಾಜು, 5ರ ಆಸುಪಾಸು, ನೃತ್ಯದ ಒಡವೆಗಳಲ್ಲಿ ಹೆಚ್ಚು. ನಾಲ್ಕನೆಯದರ ಬಗ್ಗೆ ಎಚ್ಚರ. ಬಿರುಕು ತುಂಬಿದ ಕಳಪೆ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿಸಿ ಮಾರುತ್ತಾರೆ, 2004ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಕಾಗದದ ಮೇಲೆ 9, ಆದರೆ ಬಿರುಕಿನ ಗಾಜನ್ನು ನಿಂಬೆರಸ ಕೂಡ ತಿನ್ನುತ್ತದೆ. ಚಿತ್ರಾನ್ನಕ್ಕೆ ನಿಂಬೆ ಹಿಂಡುವ ಕೈಗೆ ಈ ಉಂಗುರ ಬೇಡ. "ಗಾಜು ತುಂಬಿದ್ದೇ?" ಅಂತ ನೇರವಾಗಿ ಕೇಳಿ, ಪ್ರಯೋಗಾಲಯದ ವರದಿ ಕೇಳಿ.

ಮುತ್ತು, ಹವಳ ಇಷ್ಟು ಮೆತ್ತಗಿದ್ದರೆ ಹಾಕಲೇಬಾರದೇ?

ಹಾಗಂತ ನಾನು ಹೇಳುವುದಿಲ್ಲ. ಮುತ್ತಿನ ಸರ ಹಾಕಿಕೊಂಡ ಕೊರಳಿಗಿರುವ ಕಳೆ ಬೇರೆ ಯಾವುದಕ್ಕೂ ಇಲ್ಲ. ಮುತ್ತು ಮೆತು, ಆದರೆ ಪುಕ್ಕಲಲ್ಲ. ತೆಳು ಪದರದ ಮೇಲೆ ಪದರ ಕೂತು ಬೆಳೆದದ್ದರಿಂದ ಕೆಳಗೆ ಬಿದ್ದರೂ ಸುಲಭವಾಗಿ ಒಡೆಯುವುದಿಲ್ಲ. ಅದರ ಶತ್ರು ಗೀರು ಮತ್ತು ಹುಳಿ. ಮುತ್ತು, ಹವಳ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಬಳಗ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ಉಜ್ಜುವಾಗ ಬೆರಳಲ್ಲಿ ಮುತ್ತಿನ ಉಂಗುರ ಇದ್ದರೆ ಹುಣಸೆ ಅದನ್ನೂ ತಿನ್ನುತ್ತದೆ. ಬೆವರೂ ಕೊಂಚ ಹುಳಿಯೇ. ಜ್ಯೋತಿಷಿಗಳು ಹೇಳಿದಂತೆ ಹರಳು ಮೈಗೆ ತಾಗುವ ಹಾಗೆ ಹಿಂಬದಿ ತೆರೆದು ಕೂರಿಸಿದ ಮುತ್ತು ಬೇಗ ಮಂಕಾಗುವುದಕ್ಕೆ ಇದೂ ಒಂದು ಕಾರಣ. ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ಮುತ್ತು ಹಾಕಿಕೊಳ್ಳಿ, ತೆಗೆದ ಕೂಡಲೇ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಅಮೆರಿಕನ್ ಡೈಮಂಡ್, ಮೊಯ್ಸನೈಟ್, ಲ್ಯಾಬ್ ವಜ್ರ: ಇವುಗಳ ಗಡಸುತನ?

ಅಮೆರಿಕನ್ ಡೈಮಂಡ್ ಅಂದರೆ ಕ್ಯೂಬಿಕ್ ಜಿರ್ಕೋನಿಯಾ, 8ರಿಂದ 8.5. ತಮಿಳುನಾಡಿನ ತಿರುಚಿರಾಪಳ್ಳಿ ಕಡೆ ಮನೆಮನೆಗಳಲ್ಲಿ ಕೃತಕ ಹರಳು ಉಜ್ಜುವ ಕಸುಬು ಇದೆ. ಹೊಸದರಲ್ಲಿ ವಜ್ರದಂತೆ ಥಳಥಳಿಸುತ್ತದೆ, ವರ್ಷಗಳು ಕಳೆದಂತೆ ಅಂಚು ಮೊಂಡಾಗುತ್ತದೆ. ಓಲೆಗೆ ಚೆನ್ನ. ಮೊಯ್ಸನೈಟ್ 9.25, ವಜ್ರದ ನಂತರದ್ದು, ದಿನಾ ಹಾಕುವ ಉಂಗುರಕ್ಕೂ ತಡೆಯುತ್ತದೆ. ಲ್ಯಾಬಿನಲ್ಲಿ ಬೆಳೆಸಿದ ವಜ್ರ ವಜ್ರವೇ, 10. ಬಾಳಿಕೆ ದೃಷ್ಟಿಯಿಂದ ಗಣಿಯ ವಜ್ರಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ, ಮರುಮಾರಾಟದ ಬೆಲೆಯಲ್ಲಿ ಇದೆ.

ಗಾಜಿನ ಮೇಲೆ ಗೀರು ಎಳೆದು ವಜ್ರ ಹೌದೋ ಅಲ್ಲವೋ ಪರೀಕ್ಷಿಸಬಹುದೇ?

ಬೇಡ. ಗಾಜು 5.5. ಅದರ ಮೇಲೆ ಗೀರು ಹಾಕಲು ಹೊಲದ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಸಾಕು. ಬಳ್ಳಾರಿಯ ಆಚೆ, ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದಾಗ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ. ಅಲ್ಲಿ ಸಿಕ್ಕ ಹೊಳೆಯುವ ಕಲ್ಲು ಗಾಜನ್ನು ಗೀರಿತು ಅಂದ ಮಾತ್ರಕ್ಕೆ ಆಸೆ ಕಟ್ಟಿಕೊಳ್ಳಬೇಡಿ. ಹರಳು ಪರೀಕ್ಷಕರು ಯಾರೂ ಗೀರಿ ನೋಡುವುದಿಲ್ಲ, ಬೆಳಕು ಎಷ್ಟು ಬಾಗುತ್ತದೆ, ಸಾಂದ್ರತೆ ಎಷ್ಟು ಅಂತ ಅಳೆಯುತ್ತಾರೆ.

ಆನ್‌ಲೈನ್‌ನಲ್ಲಿ ಓಪಲ್, ತಾಂಜನೈಟ್, ಮೂನ್‌ಸ್ಟೋನ್ ಉಂಗುರಗಳು ಬಹಳ ಚೆಂದ ಕಾಣುತ್ತವೆ. ನಿಶ್ಚಿತಾರ್ಥಕ್ಕೆ ಆಗುತ್ತದೆಯೇ?

ಚೆಂದ ನಿಜ. ತಾಂಜನೈಟ್ 1967ರಲ್ಲಿ ತಾಂಜಾನಿಯಾದಲ್ಲಿ ಸಿಕ್ಕ ಕಲ್ಲು, 6ರಿಂದ 7, ಮೇಲಾಗಿ ಸೀಳುವ ಸ್ವಭಾವ. ಮೂನ್‌ಸ್ಟೋನ್ 6ರಿಂದ 6.5, ಅದೂ ಎರಡು ದಿಕ್ಕಿಗೆ ಸೀಳುತ್ತದೆ. ಓಪಲ್ 5ರಿಂದ 6.5, ಒಳಗೇ ನೀರಿದೆ, ಸಾಮಾನ್ಯವಾಗಿ ಶೇ 6ರಿಂದ 10. ತೀರ ಒಣಗಿದರೆ ಬಿರುಕು ಬಿಡುವ ಸಂಭವ ಇದೆ. ಜೀವಮಾನವಿಡೀ ತೆಗೆಯದೆ ಹಾಕಿಕೊಳ್ಳುವ ಉಂಗುರಕ್ಕೆ ಈ ಮೂರನ್ನೂ ನಾನು ಹೇಳಲಾರೆ. ಅದೇ ನೀಲಿ ಬೇಕಾದರೆ ನೀಲ ಅಥವಾ ಸ್ಪಿನೆಲ್ ನೋಡಿ.

ಮನೆಯಲ್ಲಿ ಹರಳಿನ ಒಡವೆ ತೊಳೆಯುವುದು ಹೇಗೆ?

ಅಂಟುವಾಳ ಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರು, ಮಕ್ಕಳ ಮೆತ್ತನೆ ಬ್ರಷ್ಷು. ವಜ್ರ, ಮಾಣಿಕ್ಯ, ನೀಲಗಳಿಗೆ ಇಷ್ಟು ಸಾಕು. ಮೊದಲು ನೀರಿನಲ್ಲಿ ಅಲ್ಲಾಡಿಸಿ ದೂಳು ಬಿಡಿಸಿ, ಆಮೇಲೆ ಬ್ರಷ್ಷು. ದೂಳು ಇರುವಾಗಲೇ ಉಜ್ಜಿದರೆ ದೂಳಿನಲ್ಲೇ ಉಜ್ಜಿದ ಹಾಗೆ. ಬೂದಿ, ಪಾತ್ರೆ ತೊಳೆಯುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಚಿನ್ನಕ್ಕೂ ಮೆತು ಹರಳಿಗೂ ಅದು ಉಪ್ಪುಕಾಗದ ಇದ್ದ ಹಾಗೆ. ಕುಂದಣದ, ಹಿಂಬದಿ ಮುಚ್ಚಿದ ಒಡವೆಯನ್ನು ನೀರಿನಲ್ಲಿ ಮುಳುಗಿಸಲೇಬೇಡಿ. ಹರಳಿನ ಕೆಳಗಿನ ತಗಡಿಗೆ ನೀರು ಇಳಿದರೆ ಕಪ್ಪಾಗುತ್ತದೆ, ಎಷ್ಟು ಗಡಸು ಹರಳಾದರೂ ಆಗ ಸತ್ತ ಹಾಗೆ ಕಾಣುತ್ತದೆ.

ಇಡುವಾಗ ಒಂದೊಂದು ಒಡವೆಗೂ ಬೇರೆ ಬಟ್ಟೆಯ ಚೀಲ. ಲಾಕರ್‌ನಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕಿ ಇಡುವವರ ಒಡವೆಗಳಲ್ಲಿ ಹಾಕಿಕೊಂಡದ್ದಕ್ಕಿಂತ ಇಟ್ಟದ್ದರಿಂದ ಆದ ಗೀರುಗಳನ್ನೇ ಹೆಚ್ಚು ಕಂಡಿದ್ದೇನೆ.

ಮಂಕಾದ ಹರಳಿಗೆ ಮತ್ತೆ ಪಾಲಿಶ್ ಮಾಡಿಸಬಹುದೇ?

ಮಾಣಿಕ್ಯ, ನೀಲ, ಅಮೆಥಿಸ್ಟ್‌ಗಳಿಗೆ ಆಗುತ್ತದೆ. ಬಣ್ಣದ ಹರಳಿನ ಕೆಲಸಕ್ಕೆ ಜೈಪುರ ದೊಡ್ಡ ಊರು, ನಮ್ಮ ಅಂಗಡಿಗಳೂ ಹೆಚ್ಚಾಗಿ ಅಲ್ಲಿಗೇ ಕಳಿಸುತ್ತವೆ. ತೂಕ ಸ್ವಲ್ಪ ಕಡಿಮೆಯಾಗುತ್ತದೆ, ಹಾಗಾಗಿ ಕಳಿಸುವ ಮೊದಲು ತೂಕ ಬರೆಸಿಕೊಳ್ಳಿ. ಹವಳವನ್ನೂ ಉಜ್ಜಬಹುದು. ಮುತ್ತಿನ ಪದರ ಹೋದರೆ ಹೋಯಿತು.

ಹಾಲ್‌ಮಾರ್ಕ್ ಇರುವ ಒಡವೆ ಕೊಂಡರೆ ಹರಳಿನ ಭರವಸೆಯೂ ಸಿಕ್ಕಿತಲ್ಲವೇ?

ಸಿಗುವುದಿಲ್ಲ. ಬಿಐಎಸ್ ಹಾಲ್‌ಮಾರ್ಕ್, 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರು ಅಕ್ಷರ-ಅಂಕಿಯ ಗುರುತು ಸಂಖ್ಯೆ ಎಚ್‌ಯುಐಡಿ, ಎರಡೂ ಚಿನ್ನದ ಶುದ್ಧತೆಗೆ ಮಾತ್ರ. ಹರಳಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ಬಿಲ್ಲಿನಲ್ಲಿ ಹರಳಿನ ತೂಕ ಕಳೆದು ಬರೀ ಚಿನ್ನದ ತೂಕ ಎಷ್ಟು ಅಂತ ಬೇರೆಯಾಗಿ ಇರಲಿ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಹರಳಿನ ಖನಿಜದ ಹೆಸರು, ಗಣಿಯದೋ ಬೆಳೆಸಿದ್ದೋ, ಎಣ್ಣೆಯೋ ಗಾಜೋ ತುಂಬಿದ್ದೋ ಅನ್ನುವುದನ್ನೂ ಬರೆಸಿ.

ಮೆತು ಹರಳಿನ ಉಂಗುರವೇ ಬೇಕು ಅಂತ ಮನಸ್ಸು ಹಟ ಹಿಡಿದರೆ?

ಹಾಕಿಸಿಕೊಳ್ಳಿ, ಮನಸ್ಸು ಒಪ್ಪಿದ್ದನ್ನು ತೊಡುವ ಸಂತೋಷ ದೊಡ್ಡದು. ಎತ್ತರದ ಕೊಕ್ಕೆಗಳ ಮೇಲೆ ಕೂರಿಸಬೇಡಿ. ಹರಳಿನ ಸುತ್ತ ಪೂರ್ತಿ ಚಿನ್ನದ ಅಂಚು ಬರುವಂತೆ, ಹರಳು ಅದಕ್ಕಿಂತ ಕೂದಲೆಳೆಯಷ್ಟೂ ಮೇಲೆ ಏಳದಂತೆ ಕೂರಿಸಲು ಹೇಳಿ. ಮುಖಗಳ ಬದಲು ಗುಂಡಗೆ ಉಜ್ಜಿದ್ದನ್ನು ಆರಿಸಿ. ಎಡಗೈಗೆ ಹಾಕಿಕೊಳ್ಳಿ. ಸಿಂಕಿನ ಪಕ್ಕ ಒಂದು ಚಿಕ್ಕ ಬಟ್ಟಲು ಇಟ್ಟುಕೊಂಡು, ಕೈಗೆ ನೀರು ಮುಟ್ಟಿಸುವ ಮೊದಲು ಉಂಗುರ ಅದರಲ್ಲಿ ಹಾಕಿ. ನಮ್ಮ ಅಮ್ಮನ ಹವಳದ ಉಂಗುರ ಮೂವತ್ತು ವರ್ಷ ಆ ಬಟ್ಟಲಿನಲ್ಲೇ ಅರ್ಧ ಆಯುಷ್ಯ ಕಳೆಯಿತು, ಇವತ್ತಿಗೂ ಮೊದಲಿನ ಹಾಗೇ ಉಬ್ಬಿಕೊಂಡು ಕೂತಿದೆ.